ರಿವರ್ಸ್ ಗೇರಿನಲ್ಲಿ ಹತ್ತಿದ ಏರು

ಎರಡು ವರ್ಷದ ಹಿಂದೆ, ಆಷಾಢದ ಮಳೆಯಲ್ಲಿ, ಸೊಂಟದ ಆಪರೇಷನ್ ಆಗಿದ್ದ ಅಪ್ಪನನ್ನು ಶಿವಮೊಗ್ಗದ ಆಸ್ಪತ್ರೆಯಿಂದ ಊರಿಗೆ ಕರ್ಕೊಂಡು ಬರ್ತಿದ್ದೆ. ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಅಪ್ಪ, ಪಕ್ಕದಲ್ಲಿ ಅಮ್ಮ. ಡಿಕ್ಕಿಯಲ್ಲಿ ವಾಕರ್, ಕಮೋಡ್ ಚೇರು, ತೀರ್ಥಹಳ್ಳಿಯಲ್ಲಿ ಹಾಕಿಸಿಕೊಂಡ ಅಕ್ಕಿ ಮೂಟೆ. ಮುಂದೆ ನನ್ನ ಪಕ್ಕ ಸೋದರಮಾವ. ಟಾರ್ ರಸ್ತೆ ಬಿಟ್ಟ ಮೇಲೆ ನಮ್ಮ ಮನೆಗೆ ಇನ್ನೂರು ಮೀಟರ್ ಮಣ್ಣಿನ ಏರು ಇದೆ. ಅರ್ಧ ಹತ್ತಿದ್ದೇ ತಡ, ಮುಂದಿನ ಗಾಲಿಗಳು ಗಿರ್ರಂತ ಸುತ್ತಿದವು. ಕಾರು ಅಲ್ಲಾಡಲಿಲ್ಲ. ಆಮೇಲೆ ಅಲ್ಲಾಡಿತು, ಹಿಂದಕ್ಕೆ.

ಮೂರು ಸಲ ಪ್ರಯತ್ನ ಮಾಡಿದೆ. ಅಪ್ಪ ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಆದ್ರೆ ಪ್ರತಿ ಜರ್ಕಿಗೂ ಹಲ್ಲು ಕಚ್ಚುತ್ತಿದ್ದದ್ದು ಕನ್ನಡಿಯಲ್ಲಿ ಕಾಣ್ತಿತ್ತು. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗೋಣ ಅಂದ್ರೆ ಮಳೆ, ಕಾಲಿಟ್ಟಲ್ಲಿ ಜಾರುವ ಕೆಸರು. ಆಗ ಮಾವ ಬಾಯಿ ಬಿಟ್ಟರು. ಇಪ್ಪತ್ತೈದು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು.

‘ಇದು ಮುಂದಿನ ಗಾಲಿ ಎಳೆಯೋ ಗಾಡಿ ಮಾರಾಯ. ಭಾರ ಎಲ್ಲ ಹಿಂದೆ ಇದೆ, ಏರಲ್ಲಿ ಮೂತಿ ಹಗುರ ಆಗ್ತದೆ. ಕೆಳಗೆ ಇಳಿಸಿ ತಿರುಗ್ಸು. ರಿವರ್ಸಲ್ಲಿ ಹತ್ಸು.’

ತಿರುಗಿಸಿದೆ. ರಿವರ್ಸಲ್ಲಿ ಹತ್ತಿತು. ಅಪ್ಪ ಸ್ವಂತ ಅಂಗಳಕ್ಕೆ ಬೆನ್ನು ಮುಂದೆ ಮಾಡಿಕೊಂಡು ಬಂದಿಳಿದರು.

ಬಿಇ ಮಾಡಿ, ಹತ್ತು ವರ್ಷ ಕೋಡ್ ಬರೆದು, ಹನ್ನೊಂದು ಲಕ್ಷದ ಕಾರು ತಗೊಂಡ ನನಗೆ ಅದರ ಯಾವ ಗಾಲಿಗೆ ಎಷ್ಟು ಭಾರ ಬೀಳುತ್ತೆ ಅನ್ನೋದು ಗೊತ್ತಿರಲಿಲ್ಲ. ಟಚ್ ಸ್ಕ್ರೀನ್ ಎಷ್ಟು ಇಂಚು ಅನ್ನೋದು ಗೊತ್ತಿತ್ತು. ಅವತ್ತು ರಾತ್ರಿ ಕರೆಂಟ್ ಇರಲಿಲ್ಲ. ಮೊಬೈಲ್ ಬೆಳಕಲ್ಲಿ ಲೆಕ್ಕ ಹಾಕಿದೆ. ಇಂಥ ಕಾರುಗಳು ಖಾಲಿ ಇದ್ದಾಗ ನೂರಕ್ಕೆ ಅರವತ್ತು ಪಾಲು ತೂಕ ಮುಂದಿನ ಗಾಲಿಗಳ ಮೇಲಿರುತ್ತೆ, ಯಾಕಂದ್ರೆ ಎಂಜಿನ್ನೂ ಗೇರ್‌ಬಾಕ್ಸೂ ಅಲ್ಲೇ ಇವೆ. ಹಿಂದೆ ಇಬ್ಬರು ಕೂತು ಡಿಕ್ಕಿ ತುಂಬಿದ್ರೆ ಅದು ಐವತ್ತರ ಹತ್ತಿರ ಬರುತ್ತೆ. ಐದಡಿಗೆ ಒಂದಡಿ ಏರುವ ದಾರಿಯಲ್ಲಿ ಇನ್ನು ನಾಲ್ಕೈದು ಪಾಲು ಹಿಂದಕ್ಕೆ ಜಾರುತ್ತೆ. ಕಾರನ್ನು ತಿರುಗಿಸಿದ್ರೆ ಅದೇ ನಾಲ್ಕೈದು ಪಾಲು ಎಳೆಯುವ ಗಾಲಿಗಳ ಕಡೆಗೆ ಬರುತ್ತೆ. ಅಂದ್ರೆ ಹತ್ತಿರ ಹತ್ತಿರ ನೂರಕ್ಕೆ ಹತ್ತು ಪಾಲಿನ ವ್ಯತ್ಯಾಸ. ಕೆಸರಿನಲ್ಲಿ ಅಷ್ಟು ಸಾಕು.

ಹಾಗಾದ್ರೆ ಮಾವನ ಅಂಬಾಸಿಡರ್ ಥರ ಹಿಂದಿನ ಗಾಲಿಯೇ ನೂಕುವ ಗಾಡಿ ಯಾಕೆ ಮಾಡಲ್ಲ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದ ನಾನು ಒಂದು ಮಳೆಗಾಲ ಪೂರ್ತಿ ಕಾರಿನ ಹೊಟ್ಟೆ ಕೆಳಗಿನ ಚರಿತ್ರೆ ಓದಿದೆ.

ಮೊದಮೊದಲು ಪ್ರಶ್ನೆಯೇ ಇರಲಿಲ್ಲ. 1891ರಲ್ಲಿ ಫ್ರಾನ್ಸಿನ ಪನಾರ್ ಎ ಲೆವಾಸೋರ್ ಕಂಪನಿ ಎಂಜಿನ್ನನ್ನು ಮುಂದಿಟ್ಟು ಹಿಂದಿನ ಗಾಲಿಗೆ ಶಕ್ತಿ ಕೊಟ್ಟಿತು. ಮುಂದಿನ ಗಾಲಿ ತಿರುಗಬೇಕು, ಹಿಂದಿನ ಗಾಲಿ ನೂಕಬೇಕು. ಒಂದೊಂದಕ್ಕೆ ಒಂದೊಂದು ಕೆಲಸ. ಮುಂದಿನ ಗಾಲಿಗೇ ಎರಡೂ ಕೆಲಸ ಹೇಳೋಣ ಅಂದ್ರೆ, ಎಡಬಲಕ್ಕೆ ತಿರುಗಿಕೊಂಡೇ ಉರುಳುವ ಗಾಲಿಗೆ ಶಾಫ್ಟ್ ಜೋಡಿಸೋದು ಹೇಗೆ? ಮಾಮೂಲಿ ಯುನಿವರ್ಸಲ್ ಜಾಯಿಂಟನ್ನು ಓರೆಯಾಗಿ ತಿರುಗಿಸಿದ್ರೆ ಒಂದು ಸುತ್ತಿಗೆ ಎರಡು ಸಲ ವೇಗ ಹೆಚ್ಚಾಗಿ ಎರಡು ಸಲ ಕಮ್ಮಿಯಾಗುತ್ತೆ. ಸ್ಟೇರಿಂಗ್ ಹಿಡಿದವನ ಕೈ ನಡುಗುತ್ತೆ. ಇದಕ್ಕೆ ಮದ್ದು, ಗಾಡಿ ಕಟ್ಟಿದ ಗೋಲಿಗಳಲ್ಲಿ ಉಕ್ಕಿನ ಗುಂಡು ಓಡಾಡುವ ಜಾಯಿಂಟು. ಅದನ್ನು ಆಲ್ಫ್ರೆಡ್ ರ್ಜೆಪ್ಪಾ ಅನ್ನುವ ಎಂಜಿನಿಯರ್ ಕಂಡುಹಿಡಿದದ್ದು 1920ರ ದಶಕದಲ್ಲಿ. ಅದು ಅಗ್ಗವಾಗಿ, ಲಕ್ಷಗಟ್ಟಲೆ ತಯಾರಾಗೋಕೆ ಇನ್ನೂ ಮೂರು ದಶಕ ಹಿಡೀತು. ಆ ನಡುವೆ, 1934ರಲ್ಲಿ, ಆಂದ್ರೆ ಸಿಟ್ರೊಯೆನ್ ಅವಸರ ಮಾಡಿ ಮುಂದಿನ ಗಾಲಿ ಎಳೆಯುವ ‘ತ್ರಾಕ್ಸಿಯೋಂ ಅವಾಂ’ ಬಿಟ್ಟರು. ಅದ್ಭುತ ಕಾರು. ಅದೇ ವರ್ಷದ ಕೊನೆಗೆ ಕಂಪನಿ ದಿವಾಳಿಯಾಯಿತು, ಮಿಶೆಲಿನ್ ಕೈಸೇರಿತು. ಮರುವರ್ಷ ಸಿಟ್ರೊಯೆನ್ ತೀರಿಕೊಂಡರು. ಕಾರು ಮಾತ್ರ 1957ರವರೆಗೂ ತಯಾರಾಗುತ್ತಿತ್ತು.

ಇನ್ನು ಹಿಂದಿನ ಅಚ್ಚಿನ ವಿಷಯ. ಅಚ್ಚು ಅಂದ್ರೆ ನಮ್ಮಜ್ಜನ ಎತ್ತಿನಗಾಡಿಯ ಅಚ್ಚೇ: ಎರಡು ಗಾಲಿ, ನಡುವೆ ಒಂದು ದಂಡ. ಅಂಬಾಸಿಡರ್ ಹಿಂದೆ ಬಗ್ಗಿ ನೋಡಿದವರಿಗೆ ಗೊತ್ತು, ದಪ್ಪ ಕಬ್ಬಿಣದ ಕೊಳವೆ, ಅದರ ನಡುವೆ ಸಣ್ಣ ಕುಂಬಳಕಾಯಿಯಂಥ ಹೌಸಿಂಗು, ಒಳಗೆ ಕ್ರೌನು ಪಿನಿಯನ್ನು, ಎರಡೂ ಕಡೆ ಕಮಾನಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳ ಕಂತೆ. ಈ ಪಟ್ಟಿಗಳು ಮೂರು ಜನರ ಕೆಲಸವನ್ನು ಒಂದೇ ಸಂಬಳಕ್ಕೆ ಮಾಡ್ತವೆ. ಭಾರ ಹೊರುತ್ತವೆ. ಅಚ್ಚು ಹಿಂದೆಮುಂದೆ, ಎಡಬಲ ಸರಿಯದ ಹಾಗೆ ಹಿಡಿದಿರುತ್ತವೆ. ಎಂಜಿನ್ ನೂಕಿದಾಗ, ಬ್ರೇಕ್ ಒತ್ತಿದಾಗ ಅಚ್ಚು ತಿರುಚಿಕೊಳ್ಳದ ಹಾಗೆ ತಡೀತವೆ. ಪಟ್ಟಿ ಮುರಿದ್ರೆ ಸಂತೆಬೀದಿಯ ಕಮ್ಮಾರ ಕೂಡ ಇನ್ನೊಂದು ಹಾಕಿ ಕೊಡ್ತಿದ್ದ. ತೊಂದರೆ ಅಂದ್ರೆ ಒಂದು ಗಾಲಿ ಗುಂಡಿಗೆ ಬಿದ್ದರೆ ಇನ್ನೊಂದೂ ವಾಲುತ್ತೆ. ಅದಲ್ಲದೆ ಆ ಕುಂಬಳಕಾಯಿಯ ಪೂರ್ತಿ ತೂಕ ಸ್ಪ್ರಿಂಗಿನ ಕೆಳಗಿರುತ್ತೆ. ಅದು ಒಮ್ಮೆ ಮೇಲೆ ಹಾರಿದ್ರೆ ಕೆಳಗೆ ಕೂರಿಸೋದು ಕಷ್ಟ. ರಸ್ತೆ ಕೆಟ್ಟಿದ್ದಷ್ಟೂ, ಸ್ಪೀಡ್ ಹೆಚ್ಚಾದಷ್ಟೂ ಹಿಂದಿನ ಸೀಟಿನವರಿಗೆ ಗೊತ್ತಾಗುತ್ತೆ.

ಇಲ್ಲಿಂದ ಕಥೆಗೆ ರುಚಿ ಬರುತ್ತೆ. ಆಸ್ಟ್ರಿಯಾದ ಎಡ್ಮಂಡ್ ರುಂಪ್ಲರ್ 1903ರಲ್ಲೇ ಒಂದು ಪೇಟೆಂಟ್ ತಗೊಂಡಿದ್ದರು. ಅಚ್ಚನ್ನು ನಡುವೆ ಎರಡು ತುಂಡು ಮಾಡಿ, ಕುಂಬಳಕಾಯಿಯನ್ನು ಗಾಡಿಯ ಮೈಗೇ ಬಿಗಿದು, ಎರಡೂ ತುಂಡುಗಳಿಗೆ ಅಲ್ಲಿ ಕೀಲು ಕೊಡೋದು. ಹಕ್ಕಿಯ ರೆಕ್ಕೆ ಥರ ಒಂದೊಂದು ಗಾಲಿಯೂ ಪ್ರತ್ಯೇಕ ಮೇಲೆ ಕೆಳಗೆ ಆಡುತ್ತೆ. ಸ್ವಿಂಗ್ ಆಕ್ಸಲ್ ಅಂತ ಹೆಸರು. ಹಾನ್ಸ್ ಲೆಡ್ವಿಂಕಾ ಇದನ್ನು 1920ರ ದಶಕದ ಟಾಟ್ರಾ ಕಾರುಗಳಿಗೆ ಹಾಕಿ, ಚೆಕ್ ನಾಡಿನ ಹಾಳು ರಸ್ತೆಗಳಲ್ಲಿ ಓಡಿಸಿ ಗೆದ್ದರು. ಫರ್ಡಿನಾಂಡ್ ಪೋರ್ಷೆ ಅದನ್ನೇ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ತಂದು, ಎಂಜಿನ್ನನ್ನೂ ಹಿಂದೆಯೇ ಇಟ್ಟರು. ಉದ್ದ ಶಾಫ್ಟ್ ಇಲ್ಲ, ಭಾರ ಎಲ್ಲ ನೂಕುವ ಗಾಲಿಯ ಮೇಲೆ. ನಮ್ಮನೆ ಏರನ್ನು ಬೀಟಲ್ ಸಲೀಸಾಗಿ ಹತ್ತಿಬಿಡ್ತಿತ್ತು.

ಆದ್ರೆ ರೆಕ್ಕೆಗೆ ಒಂದು ಕೆಟ್ಟ ಬುದ್ಧಿ ಇದೆ. ಪೇಂಟರ್‌ಗಳು ಬಳಸುವ ಎರಡು ಕಾಲಿನ ಏಣಿ ನೋಡಿದ್ದೀರಲ್ಲ? ಕಾಲುಗಳು ಹತ್ತಿರ ಸರಿದ್ರೆ ತಲೆ ಮೇಲೆ ಹೋಗುತ್ತೆ. ಜೋರಾಗಿ ತಿರುವು ತಗೊಂಡಾಗ ಹೊರಗಿನ ಗಾಲಿಯ ಮೇಲೆ ಬೀಳುವ ಒತ್ತಡ ಅದನ್ನು ಕಾರಿನ ಅಡಿಗೆ ನೂಕುತ್ತೆ. ಗಾಲಿ ಒಳಗೆ ಮಡಚಿಕೊಂಡು ಕಾರಿನ ಹಿಂಭಾಗ ಮೇಲೇಳುತ್ತೆ. ಟಯರಿನ ಅಂಚು ಮಾತ್ರ ನೆಲ ಮುಟ್ಟುತ್ತೆ. ಎಂಜಿನ್ ಬೇರೆ ಹಿಂದೆ ಕೂತಿರೋದ್ರಿಂದ ಬಾಲ ಒಮ್ಮೆ ಜಾರಿತು ಅಂದ್ರೆ ಲೋಲಕದ ಹಾಗೆ ಬೀಸುತ್ತೆ. ಬೀಟಲ್‌ನ ಎಂಜಿನ್ ಸಣ್ಣದು, ಓಡುವ ವೇಗ ಕಮ್ಮಿ. ಬಹಳ ದಿನ ನಡೀತು.

ಅಮೆರಿಕದಲ್ಲಿ ನಡೀಲಿಲ್ಲ. 1960ರ ಮಾಡೆಲ್ ಆಗಿ ಜನರಲ್ ಮೋಟರ್ಸ್ ಶೆವ್ರೊಲೆ ಕಾರ್ವೇರ್ ಬಿಟ್ಟಿತು: ಹಿಂದೆ ಆರು ಸಿಲಿಂಡರ್ ಎಂಜಿನ್, ಸ್ವಿಂಗ್ ಆಕ್ಸಲ್. ಬಾಲ ಮೊದಲು ಜಾರದ ಹಾಗೆ ಮಾಡೋಕೆ ಸರಳ ಉಪಾಯ ಇತ್ತು, ಮುಂದಿನ ಎರಡು ಗಾಲಿಗಳ ನಡುವೆ ಒಂದು ಬಾಗಿಸಿದ ಉಕ್ಕಿನ ಸರಳು, ಆಂಟಿ ರೋಲ್ ಬಾರ್. ಹಾಕಿದ್ರೆ ಮುಂದಿನ ಗಾಲಿಗಳು ಮೊದಲು ಹಿಡಿತ ಬಿಡ್ತವೆ, ಕಾರು ನೇರಕ್ಕೆ ಜಾರುತ್ತೆ, ಸಾಮಾನ್ಯ ಡ್ರೈವರ್ ಕಾಲು ತೆಗೆದು ಬಚಾವಾಗ್ತಾನೆ. ಮೊದಲ ವರ್ಷಗಳ ಕಾರ್ವೇರ್‌ಗಳಲ್ಲಿ ಅದನ್ನು ಮಾಮೂಲಿಯಾಗಿ ಹಾಕಲಿಲ್ಲ. ಬದಲಿಗೆ ಕಂಪನಿ ಕೊಟ್ಟ ಪರಿಹಾರ ಏನು ಗೊತ್ತಾ? ಟಯರಿನ ಗಾಳಿ. ಮುಂದೆ 15 ಪಿಎಸ್‌ಐ, ಹಿಂದೆ 26. ಮುಂದಿನ ಟಯರನ್ನು ಬೇಕಂತಲೇ ಮೆತ್ತಗಿಟ್ಟು ಹಿಂದಿನದಕ್ಕಿಂತ ಮೊದಲು ಜಾರುವ ಹಾಗೆ ಮಾಡೋದು. ಲೆಕ್ಕ ಸರಿ. ಆದ್ರೆ ಬಂಕಿನ ಹುಡುಗ ನಾಲ್ಕಕ್ಕೂ ಒಂದೇ ಗಾಳಿ ಹಾಕಿದ ಅಂದ್ರೆ ಅಷ್ಟೂ ಎಂಜಿನಿಯರಿಂಗ್ ಗೋವಿಂದ.

ಇದನ್ನು ಓದಿದಾಗ ನನಗೆ ಸ್ವಲ್ಪ ಮುಜುಗರ ಆಯ್ತು. ಸಾಫ್ಟ್‌ವೇರಿನಲ್ಲಿ ನಾವು ಮಾಡೋದೂ ಇದೇ. ಸರಿಪಡಿಸೋಕೆ ಎರಡು ವಾರ ಬೇಕಿದ್ದ ದೋಷವನ್ನು ‘ಬಳಕೆದಾರರು ಗಮನಿಸಬೇಕಾದ ಅಂಶ’ ಅಂತ ದಾಖಲೆಯ ಮೂವತ್ತನೇ ಪುಟಕ್ಕೆ ಸೇರಿಸಿ, ಶುಕ್ರವಾರ ಸಂಜೆ ರಿಲೀಸ್ ಮಾಡಿ ಮನೆಗೆ ಹೋಗಿದ್ದೇನೆ. ನನ್ನ ಪುಣ್ಯ, ಅದರಿಂದ ಯಾರ ಕಾರೂ ಮಗುಚಲಿಲ್ಲ.

1965ರಲ್ಲಿ ರಾಲ್ಫ್ ನೇಡರ್ ಅನ್ನುವ ಯುವ ವಕೀಲ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಅಂತ ಪುಸ್ತಕ ಬರೆದರು. ಮೊದಲ ಅಧ್ಯಾಯವೇ ಕಾರ್ವೇರ್. ಕಂಪನಿ ಅವರ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು; ಸಿಕ್ಕಿಬಿದ್ದು, 1966ರ ಮಾರ್ಚಿನಲ್ಲಿ ಜಿಎಂ ಅಧ್ಯಕ್ಷ ಜೇಮ್ಸ್ ರೋಚ್ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯ್ತು. ಅದೇ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಹನ ಸುರಕ್ಷತಾ ಕಾನೂನು ಬಂತು. ತಮಾಷೆ ಅಂದ್ರೆ, ಪುಸ್ತಕ ಬರೋ ಹೊತ್ತಿಗೆ ಕಾರು ಸರಿಯಾಗಿತ್ತು. 1964ರಲ್ಲಿ ಮುಂದಿನ ಸರಳು ಬಂತು, 1965ಕ್ಕೆ ಹಿಂದಿನ ಸಸ್ಪೆನ್ಷನ್ನೇ ಹೊಸದಾಯ್ತು. ಇನ್ನೂ ಒಂದು ತಿರುವು: 1972ರಲ್ಲಿ ಸರ್ಕಾರದ್ದೇ ಸಂಸ್ಥೆ ಪರೀಕ್ಷೆ ಮಾಡಿ, ಹಳೇ ಕಾರ್ವೇರ್ ಆ ಕಾಲದ ಬೇರೆ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯೇನಲ್ಲ ಅಂತ ವರದಿ ಕೊಟ್ಟಿತು. ನೇಡರ್ ಅದನ್ನು ಒಪ್ಪಲಿಲ್ಲ. ನನಗನ್ನಿಸೋದು, ಬೇರೆ ಕಾರುಗಳೂ ಅಷ್ಟೇ ಕೆಟ್ಟಿದ್ದವು ಅನ್ನೋದು ಸಮಾಧಾನ ಆಗೋಕೆ ಸಾಧ್ಯವಿಲ್ಲ. ಸರಳು ಹಾಕಬಹುದಿತ್ತು. ಹಾಕಲಿಲ್ಲ.

ಕಾರ್ವೇರ್ ಮಾರುಕಟ್ಟೆಗೆ ಬಂದ 1959ರಲ್ಲೇ ಇಂಗ್ಲೆಂಡಿನಲ್ಲಿ ಇನ್ನೊಂದು ಕಾರು ಬಂತು. ಹಿಂದಿನ ಮೂರು ವರ್ಷಕ್ಕೆ ಸೂಯೆಜ್ ಬಿಕ್ಕಟ್ಟಾಗಿ ಪೆಟ್ರೋಲಿಗೆ ರೇಷನ್ ಬಂದಿತ್ತು. ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಲೆನರ್ಡ್ ಲಾರ್ಡ್ ‘ಸಣ್ಣ ಕಾರು ಮಾಡು’ ಅಂತ ಅಲೆಕ್ ಇಸ್ಸಿಗೊನಿಸ್‌ಗೆ ಹೇಳಿದರು. ಇಸ್ಸಿಗೊನಿಸ್ ಹತ್ತಡಿ ಉದ್ದದಲ್ಲಿ ನಾಲ್ಕು ಜನ ಕೂರಬೇಕು ಅಂತ ಹಟ ಹಿಡಿದು, ಎಂಜಿನ್ನನ್ನು ಅಡ್ಡಡ್ಡ ಇಟ್ಟು, ಗೇರ್‌ಬಾಕ್ಸನ್ನು ಅದರ ಹೊಟ್ಟೆಯೊಳಗೆ, ಆಯಿಲ್ ಇರುವ ಜಾಗದಲ್ಲೇ ತುರುಕಿ, ಮುಂದಿನ ಗಾಲಿಗೆ ಜೋಡಿಸಿದರು. ಅಷ್ಟೊತ್ತಿಗೆ ರ್ಜೆಪ್ಪಾ ಜಾಯಿಂಟು ಕೈಗೆಟುಕುವ ಬೆಲೆಗೆ ಬಂದಿತ್ತು. ಹಿಂದೆ ಬರೀ ಎರಡು ಪುಟ್ಟ ಕೈಗಳು, ರಬ್ಬರಿನ ಸ್ಪ್ರಿಂಗು. ಅದು ಮಿನಿ. ಹಿಂದಿನ ಗಾಲಿಗೆ ಉರುಳೋದು ಬಿಟ್ಟು ಬೇರೆ ಕೆಲಸವೇ ಇಲ್ಲ. ಶಾಫ್ಟಿಲ್ಲ, ಕುಂಬಳಕಾಯಿಯಿಲ್ಲ, ಆ ಜಾಗ ಪೂರ್ತಿ ಮನುಷ್ಯರಿಗೆ.

ಈಗ ನೋಡಿ, ನಮ್ಮ ಅಂಬಾಸಿಡರ್ ಕೂಡ ಇದೇ ಮನೆಯ ಹೆಣ್ಣು. ಅದರ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅದೇ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಕಾರು. ತವರಿನವರು ಮಿನಿ ಮಾಡಿ ಮುಂದೆ ಹೋದರು. ಇಲ್ಲಿ ಹಿಂದೂಸ್ತಾನ್ ಮೋಟರ್ಸ್ 2014ರ ಮೇ ತಿಂಗಳವರೆಗೆ ಉತ್ತರಪಾರಾದಲ್ಲಿ ಅಂಬಾಸಿಡರ್ ಮಾಡ್ತಲೇ ಇತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಯಾರೂ ಮುಟ್ಟೋಕೆ ಧೈರ್ಯ ಮಾಡದ ಹಳೇ ಕೋಡು. ಪೈಪೋಟಿ ಇರಲಿಲ್ಲ ಅನ್ನೋದು ನಿಜ. ಆದ್ರೆ ಆರು ಜನರನ್ನೂ ಡಿಕ್ಕಿ ತುಂಬ ಅಡಿಕೆಯನ್ನೂ ಹೇರಿಕೊಂಡು ಹೋಗುವ ಮಾವನಂಥವರಿಗೆ ಅದರ ಕಮಾನ್ ಪಟ್ಟಿ, ಹಿಂದಿನ ಗಾಲಿಯ ನೂಕು ಸರಿಯಾಗೇ ಇತ್ತು ಅನ್ನೋದೂ ನಿಜ.

ಮಿನಿಯ ಹೊಟ್ಟೆಯೊಳಗಿನ ಗೇರ್‌ಬಾಕ್ಸು ಎಲ್ಲರಿಗೂ ಹಿಡಿಸಲಿಲ್ಲ. ಇವತ್ತು ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ನಿಂತಿರುವ ಹ್ಯಾಚ್‌ಬ್ಯಾಕುಗಳ ನಿಜವಾದ ಮುತ್ತಜ್ಜ ಫಿಯೆಟ್ಟಿನ ದಾಂತೆ ಜಿಯಾಕೋಸಾ. ಅವರು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಅಡ್ಡಲಾಗಿ ಒಂದರ ಪಕ್ಕ ಒಂದು ಇಟ್ಟು, ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಶಾಫ್ಟ್ ಕೊಟ್ಟರು. ಫಿಯೆಟ್‌ಗೆ ಇದರ ಮೇಲೆ ನಂಬಿಕೆ ಇರಲಿಲ್ಲ. ಆದ್ದರಿಂದ 1964ರಲ್ಲಿ ಆಟೋಬಿಯಾಂಕಿ ಅನ್ನುವ ಸಣ್ಣ ಬ್ರ್ಯಾಂಡಿನ ಹೆಸರಲ್ಲಿ ‘ಪ್ರಿಮುಲಾ’ ಅಂತ ಬಿಟ್ಟು ನೋಡಿದರು. ನಾವು ಹೊಸ ಫೀಚರನ್ನು ಮೊದಲು ನೂರಕ್ಕೆ ಒಬ್ಬ ಬಳಕೆದಾರನಿಗೆ ತೋರಿಸಿ ಕಾಯ್ತೀವಲ್ಲ, ಹಾಗೆ. ಮರ್ಯಾದೆ ಹೋಗಲಿಲ್ಲ, 1969ರಲ್ಲಿ ಫಿಯೆಟ್ 128 ಬಂತು.

1974ಕ್ಕೆ ಬೀಟಲ್‌ನ ವಾರಸುದಾರ ಫೋಕ್ಸ್‌ವ್ಯಾಗನ್ ಗಾಲ್ಫ್ ಬಂದಾಗ ಹಿಂದಿನ ಅಚ್ಚಿಗೂ ಒಂದು ಜಾಣ ಉತ್ತರ ಸಿಕ್ಕಿತ್ತು. ನೂಕುವ ಕೆಲಸ ಇಲ್ಲದ ಮೇಲೆ ಅಲ್ಲಿ ಎಷ್ಟು ಕಮ್ಮಿ ಕಬ್ಬಿಣ ಸಾಕು? ಎರಡು ಕೈಗಳು, ನಡುವೆ ಒಂದು ಅಡ್ಡಪಟ್ಟಿ. ಪಟ್ಟಿ ಕೊಳವೆಯಲ್ಲ, ಒಂದು ಕಡೆ ತೆರೆದಿರುತ್ತೆ. ಮನೆ ಹಿತ್ತಲಲ್ಲಿ ಬಿದಿರು ಇದ್ದವರು ಮಾಡಿ ನೋಡಬಹುದು: ಇಡೀ ಬೊಂಬನ್ನು ತಿರುಚೋಕೆ ಆಗಲ್ಲ, ಉದ್ದಕ್ಕೆ ಒಂದು ಸೀಳು ಬಿಟ್ಟರೆ ಸುಲಭವಾಗಿ ತಿರುಚಿಕೊಳ್ಳುತ್ತೆ, ಆದ್ರೂ ಬಗ್ಗೋಕೆ ಒಪ್ಪಲ್ಲ. ಅದೇ ಸೂತ್ರ. ಎಡಗಾಲಿ ಗುಂಡಿಗಿಳಿದ್ರೆ ಪಟ್ಟಿ ತಿರುಚಿಕೊಂಡು ಬಲಗಾಲಿಯನ್ನು ಸುಮಾರಾಗಿ ಅದರ ಪಾಡಿಗೆ ಬಿಡುತ್ತೆ. ಆ ತಿರುಚುವಿಕೆಗೆ ಇರುವ ಅಷ್ಟಿಷ್ಟು ಪ್ರತಿರೋಧವೇ ಆಂಟಿ ರೋಲ್ ಬಾರ್ ಕೆಲಸವನ್ನೂ ಮಾಡುತ್ತೆ. ಕಾರ್ವೇರ್‌ನಲ್ಲಿ ದುಡ್ಡುಳಿಸೋಕೆ ಹೊರಗಿಟ್ಟ ಸರಳು, ಇಲ್ಲಿ ದುಡ್ಡುಳಿಸುವ ಭಾಗದೊಳಗೇ ಪುಕ್ಕಟೆ ಬಂತು. ಟ್ವಿಸ್ಟ್ ಬೀಮ್ ಅಂತಾರೆ. ನನ್ನ ಕಾರಿನ ಹಿಂದೆ ಇರೋದು ಅದೇ, ಬಹುಶಃ ನಿಮ್ಮದರಲ್ಲೂ.

ಇದಕ್ಕಿಂತ ಒಳ್ಳೆಯದು ಇಲ್ಲವೇ ಅಂದ್ರೆ ಇದೆ. 1982ರ ಮರ್ಸಿಡಿಸ್ 190ರಲ್ಲಿ ಒಂದೊಂದು ಹಿಂದಿನ ಗಾಲಿಗೂ ಐದೈದು ಸರಳು, ಪ್ರತಿಯೊಂದಕ್ಕೂ ಒಂದೇ ಕೆಲಸ. 1998ರಲ್ಲಿ ಫೋರ್ಡ್ ಫೋಕಸ್ ಅಂಥದ್ದನ್ನು ಸಾಮಾನ್ಯರ ಕಾರಿಗೆ ತಂದ ಮೇಲೆ ಗಾಲ್ಫ್ ಕೂಡ 2003ರಲ್ಲಿ ಅದಕ್ಕೆ ಬದಲಾಯ್ತು. ಆಮೇಲೆ 2012ರ ಗಾಲ್ಫ್ ಒಂದು ವ್ಯಾಪಾರಿ ಲೆಕ್ಕ ಹಾಕಿತು: ಕಮ್ಮಿ ಶಕ್ತಿಯ ಎಂಜಿನ್ ತಗೊಂಡವರಿಗೆ ಹಿಂದೆ ಟ್ವಿಸ್ಟ್ ಬೀಮ್, ಹೆಚ್ಚು ಶಕ್ತಿಯದಕ್ಕೆ ಮಲ್ಟಿಲಿಂಕ್. ಹೊರಗಿಂದ ಅದೇ ಕಾರು, ಅದೇ ಹೆಸರು. ಬಗ್ಗಿ ನೋಡಿದವನಿಗೆ ಮಾತ್ರ ಗೊತ್ತು. ಇದನ್ನು ಮೋಸ ಅಂತ ನಾನು ಹೇಳಲ್ಲ. ಅರವತ್ತರಲ್ಲಿ ಆಫೀಸಿಗೆ ಹೋಗಿ ಬರುವವನಿಗೆ ವ್ಯತ್ಯಾಸ ಗೊತ್ತಾಗಲ್ಲ, ಡಿಕ್ಕಿ ದೊಡ್ಡದಾಗಿರೋದು ಗೊತ್ತಾಗುತ್ತೆ.

ನಮ್ಮ ದೇಶದಲ್ಲಿ ಈ ಎರಡು ದಾರಿ ಒಂದೇ ಅಂಗಳದಲ್ಲಿ ಕವಲೊಡೆದದ್ದನ್ನು ನೋಡಬೇಕಂದ್ರೆ ಮಾರುತಿ ನೋಡಿ. 1983ರ ಡಿಸೆಂಬರಿನಲ್ಲಿ ಬಂದ 800ರಲ್ಲಿ 796 ಸಿಸಿ ಎಂಜಿನ್ ಅಡ್ಡಲಾಗಿ ಮುಂದೆ, ಎಳೆಯೋದು ಮುಂದಿನ ಗಾಲಿ. ಮರುವರ್ಷದ ವ್ಯಾನಿನಲ್ಲಿ, ಅಂದ್ರೆ ಆಮೇಲಿನ ಓಮ್ನಿಯಲ್ಲಿ, ಅದೇ 796 ಸಿಸಿ ಎಂಜಿನ್ ಮುಂದಿನ ಸೀಟಿನಡಿ, ನೂಕೋದು ಹಿಂದಿನ ಗಾಲಿ, ಹಿಂದೆ ಕಮಾನ್ ಪಟ್ಟಿ. ಒಂದು ಸಂಸಾರಕ್ಕೆ, ಇನ್ನೊಂದು ಹೇರಿಗೆ. ನಮ್ಮೂರ ಓಮ್ನಿಗಳು ಹದಿನಾಲ್ಕು ಜನರನ್ನು ತುಂಬಿಕೊಂಡು ಆ ಏರನ್ನು ಮುಖ ಮುಂದೆ ಮಾಡಿಯೇ ಹತ್ತುತ್ತಿದ್ದವು. ತುಂಬಿದಷ್ಟೂ ಚೆನ್ನಾಗಿ.

ಬೆಂಗಳೂರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಬಿಡದಿಯದು. 2000ದಲ್ಲಿ ಅಲ್ಲಿಂದ ಹೊರಟ ಕ್ವಾಲಿಸ್‌ನಲ್ಲಿ ಕಮಾನ್ ಪಟ್ಟಿ, ಹಿಂದಿನ ಗಾಲಿಯ ನೂಕು. ನಮ್ಮ ಸೀನಿಯರ್‌ಗಳನ್ನೆಲ್ಲ ರಾತ್ರಿ ಪಾಳಿಗೆ ಹೊತ್ತದ್ದು ಅದೇ. 2005ರ ಇನೋವಾದಲ್ಲಿ ಅಚ್ಚು ಹಾಗೇ ಉಳಿದು ಪಟ್ಟಿಯ ಬದಲು ಕಾಯಿಲ್ ಸ್ಪ್ರಿಂಗ್ ಬಂತು. ಏರ್‌ಪೋರ್ಟಿಗೆ ನಿದ್ದೆ ಮಾಡ್ತಾ ಹೋಗೋಕೆ ಸಾಧ್ಯವಾಯ್ತು. 2022ರ ಕೊನೆಗೆ ಬಂದ ಹೈಕ್ರಾಸ್‌ನಲ್ಲಿ ಮುಂದಿನ ಗಾಲಿಯ ಎಳೆತ, ಹಿಂದೆ ತಿರುಚುವ ಪಟ್ಟಿ. ಮಣ್ಣಿನ ಏರು ಹತ್ತುವ ಗಿರಾಕಿಗಿಂತ ನೈಸ್ ರೋಡಿನ ಗಿರಾಕಿ ಜಾಸ್ತಿ ಅಂತ ಲೆಕ್ಕ ಹಾಕಿರಬೇಕು. ಲೆಕ್ಕ ಸರಿಯೇ ಇರಬಹುದು. ನಮ್ಮಪ್ಪ ಆ ಲೆಕ್ಕದಲ್ಲಿ ಬರಲ್ಲ, ಅಷ್ಟೇ.

ಈಗ ಎಲೆಕ್ಟ್ರಿಕ್ ಬಂದು ಪಾತ್ರೆ ಮತ್ತೆ ಮಗುಚಿದೆ. ಮೋಟರ್ ಸಣ್ಣದು, ಹಿಂದಿನ ಸೀಟಿನಡಿ ಅಡಗಿಬಿಡುತ್ತೆ. ಬ್ಯಾಟರಿ ನೆಲಕ್ಕೆ ಹಾಸಿರುತ್ತೆ. ಪೆಟ್ರೋಲ್ ಕಾರಿನ ಮೈಗೇ ಬ್ಯಾಟರಿ ಹೊಂದಿಸಿದ ನೆಕ್ಸಾನ್ ಇವಿ ಥರದವುಗಳಲ್ಲಿ ಮೋಟರ್ ಮುಂದೆಯೇ ಉಳೀತು. ಎಲೆಕ್ಟ್ರಿಕ್ ಅಂತಲೇ ಹುಟ್ಟಿದವು ಹಿಂದಕ್ಕೆ ಹೋಗ್ತಿವೆ. ಗಾಲ್ಫ್ ಮಾಡಿ ಬೀಟಲ್‌ಗೆ ಬೆನ್ನು ಹಾಕಿದ ಫೋಕ್ಸ್‌ವ್ಯಾಗನ್ನೇ ಐಡಿ.3ರಲ್ಲಿ ಮೋಟರನ್ನು ಹಿಂದಿಟ್ಟಿತು. ಮಹೀಂದ್ರದ ಬಿಇ 6 ಕೂಡ ಹಾಗೇ.

ಹೋದ ದೀಪಾವಳಿಗೆ ನನ್ನ ಟೀಮಿನ ಗೆಳೆಯ ಅಂಥದ್ದೇ ಒಂದು ಕಾರು ತಗೊಂಡು ನಮ್ಮೂರಿಗೆ ಬಂದಿದ್ದ. ಮಾವ ಪಂಚೆ ಎತ್ತಿ ಕಟ್ಟಿ, ಅಂಗಳದಲ್ಲಿ ಅಂಗಾತ ಮಲಗಿ ಕಾರಿನ ಹಿಂದೆ ತಲೆ ತೂರಿಸಿ ನೋಡಿದರು. ನೂಕೋದು ಹಿಂದಿನ ಗಾಲಿ ಅಂತ ಹೇಳಿದ್ದಕ್ಕೆ, ‘ಹಂಗಾದ್ರೆ ಇದು ಅಂಬಾಸಿಡರೇ ಬಿಡು’ ಅಂದ್ರು. ಏರಿಗೆ ಅಷ್ಟೊತ್ತಿಗೆ ಕಾಂಕ್ರೀಟ್ ಹಾಕಿಸಿದ್ವಿ, ಎಲ್ಲ ಕಾರೂ ಹತ್ತುತ್ತವೆ, ಹಾಗಾಗಿ ಪರೀಕ್ಷೆ ಆಗಲಿಲ್ಲ. ತೋಟದ ಕೆಸರು ದಾರಿಯಲ್ಲಿ ಒಂದು ಸಲ ಹತ್ಸಿ ನೋಡೋಣ ಅಂತ ಮಾವ ಎರಡು ದಿನ ಕೇಳಿದರು. ಅಪ್ಪನೂ ಕೋಲೂರಿಕೊಂಡು ಜಗಲಿಗೆ ಬಂದು ‘ನೋಡಿ, ನೋಡಿ’ ಅಂದ್ರು.

ಗೆಳೆಯ ಕೀ ಕೊಡಲಿಲ್ಲ.